ಆಚೆ-ಈಚೆ ದೊಡ್ಡಮ್ಮನ ಹಾಯಿದೋಣಿ

ನನ್ನ ದೊಡ್ಡಮ್ಮನನ್ನು ಬಂದರಿನಲ್ಲಿ ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಎಲ್ಲರಿಗೂ ಅವಳು ‘ಆಚೆ-ಈಚೆ’. ಈ ದಡದ ಜೆಟ್ಟಿಯಿಂದ ಆ ದಡದ ಜೆಟ್ಟಿಗೆ ಜನರನ್ನು ದಾಟಿಸುವ ಲಾಂಚನ್ನು ಮೂವತ್ತು ಚಿಲ್ಲರೆ ವರ್ಷ ಓಡಿಸಿದವಳಿಗೆ ಬೇರೇನು ಹೆಸರಿಟ್ಟಾರು? ಲಾಂಚಿನ ಚುಕ್ಕಾಣಿ ಕೋಣೆಯ ನೆಲದಲ್ಲಿ ಹಸಿರು ಬಣ್ಣ ಎರಡು ಕಡೆ ಪಾದದಾಕಾರಕ್ಕೆ ಸವೆದು ಒಳಗಿನ ಮರ ಕಾಣುತ್ತದೆ. ಅದು ಅವಳು ನಿಂತ ಜಾಗ. ಈಗ ಅಲ್ಲಿ ನಾನು ನಿಲ್ಲುತ್ತೇನೆ. ನನ್ನ ಪಾದ ಅವಳದಕ್ಕಿಂತ ದೊಡ್ಡದು, ಆದರೂ ಅಲ್ಲಿಗೆ ಹೊಸ ಬಣ್ಣ ಬಳಿಸಲು ನನಗೆ ಮನಸ್ಸು ಬಂದಿಲ್ಲ.

ಕೆಲಸ ಕಲಿಸುವಾಗ ಅವಳು ಎಂಜಿನ್ನಿಗಿಂತ ಹೆಚ್ಚು ಮಾತಾಡಿದ್ದು ಹಾರನ್ನಿನ ಬಗ್ಗೆ. ಹಾಯಿದೋಣಿ ಕಡಲಿಗೆ ಹೊರಟಾಗ ಲಾಂಚು ನಡುನೀರಿನಲ್ಲಿ ನಿಂತು ದಾರಿ ಬಿಡಬೇಕು. ಅದು ನಿಯಮ. ನಿಯಮದಲ್ಲಿಲ್ಲದ ಇನ್ನೊಂದು ರೂಢಿ ನಮ್ಮ ಲಾಂಚಿನವರಲ್ಲಿದೆ. ದೂರದ ಪಯಣಕ್ಕೆ ಹೊರಟ ದೋಣಿಗೆ ಒಂದೇ ಒಂದು ಉದ್ದನೆಯ ಹಾರನ್ ಹಾಕುತ್ತೇವೆ. ಹೋಗಿ ಬಾ ಎಂದು ಅದರ ಅರ್ಥ. ಈ ವಿಷಯದಲ್ಲಿ ದೊಡ್ಡಮ್ಮ ಮಹಾ ಜಿಪುಣಿ. ಬಂದರಿನ ಬಾಯಲ್ಲಿ, ಕಲ್ಲಿನ ತಡೆಗೋಡೆಯ ತುದಿಗೆ ಒಂದು ಕೆಂಪು ದೀಪದ ಕಂಬವಿದೆ. ದೋಣಿಯ ಮೂತಿ ಅದನ್ನು ದಾಟುವ ತನಕ ಅವಳು ಗುಂಡಿಯ ಮೇಲೆ ಬೆರಳಿಡುತ್ತಿರಲಿಲ್ಲ.

“ಹೊರಟೋರಿಗೆಲ್ಲ ಹಾಕ್ಬೇಡ,” ಎಂದು ನನಗೆ ಹೇಳಿದ್ದಳು. “ದಾಟಿದೋರಿಗೆ ಹಾಕು.”

ನಿವೃತ್ತಿಯಾದ ಮೇಲೆ ಅವಳು ಸುಮ್ಮನೆ ಮನೆಯಲ್ಲಿ ಕೂರುತ್ತಾಳೆ ಎಂದು ನಾವೆಲ್ಲ ಎಣಿಸಿದ್ದೆವು. ಅವಳು ಮಾಡಿದ್ದೇ ಬೇರೆ. ಯಾರೋ ಬಿಟ್ಟುಹೋದ ಹಳೆಯ ಹಾಯಿದೋಣಿಯೊಂದನ್ನು ಕೊಂಡು, ಮನೆ ಹಿಂದಿನ ಅಂಗಳಕ್ಕೆ ಎಳೆಸಿ ತಂದಳು. ದೊಡ್ಡಪ್ಪ ಕ್ಷೌರಿಕರು. ಕೆಳಗೆ ಅವರ ಅಂಗಡಿ, ಮೇಲೆ ಮನೆ. ಮೆಟ್ಟಿಲು ಹತ್ತುವಾಗಲೇ ಸೋಪಿನ ನೊರೆಯ ವಾಸನೆ ಮೂಗಿಗೆ ಬಡಿಯುತ್ತದೆ. ಊರಿನವರ ಗಡ್ಡ ಹೆರೆದ ಅದೇ ಕೈಯಿಂದ ದೊಡ್ಡಪ್ಪ ದೋಣಿಯ ಹಳೇ ಬಣ್ಣವನ್ನೂ ಹೆರೆದರು. ಎಲ್ಲೂ ಒಂದು ಗೀರಿಲ್ಲ. ತೀರದ ಗುಂಟ ಊರಿಂದ ಊರಿಗೆ ತಂಗುತ್ತಾ, ಕೊನೆಯ ದೀಪಸ್ತಂಭದವರೆಗೆ ಇಬ್ಬರೇ ಹೋಗಿ ಬರುವುದು ಎಂದು ತೀರ್ಮಾನವಾಯಿತು. ಕಡಿಮೆಯೆಂದರೂ ಎರಡು ತಿಂಗಳ ಪಯಣ. ಈ ವಯಸ್ಸಿನಲ್ಲಿ ಯಾಕೆ ಬೇಕಿತ್ತು ಎಂದು ನನ್ನಮ್ಮ ಕೇಳಿದ್ದಕ್ಕೆ ದೊಡ್ಡಮ್ಮ, ಹಾರನ್ ಹಾಕಿ ಹಾಕಿ ಕಳಿಸಿದ್ದೇನಲ್ಲ, ಅವರೆಲ್ಲ ಎಲ್ಲಿಗೆ ಹೋದರು ಎಂದು ನಾನೂ ನೋಡಬೇಡವೇ ಎಂದಳು. ಅಷ್ಟು ವರ್ಷ ನೀರಿನ ಮೇಲೆಯೇ ಇದ್ದವಳು ಆ ಕೆಂಪು ದೀಪವನ್ನು ಒಮ್ಮೆಯೂ ದಾಟಿರಲಿಲ್ಲ ಎಂಬುದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಮೊದಲ ಪರೀಕ್ಷೆಯ ದಿನ ಅರ್ಧ ಬಂದರು ದಡದಲ್ಲಿ ನಿಂತಿತ್ತು. ಬೆನ್ನ ಹಿಂದಿನಿಂದ ಹದವಾದ ಗಾಳಿ. ಚುಕ್ಕಾಣಿ ದೊಡ್ಡಮ್ಮನದು, ಹಾಯಿಯ ಹಗ್ಗ ದೊಡ್ಡಪ್ಪನದು. ಕೆಂಪು ದೀಪದವರೆಗೆ ಹೋಗಿ ತಿರುಗಿ ಬರುವುದೆಂದು ಮಾತಾಗಿತ್ತು. ದೋಣಿ ನಡುನೀರಿಗೆ ಬಂತು. ಬಂದದ್ದೇ ತಡ, ಯಾರೋ ಕರೆದಂತೆ ಮೆಲ್ಲಗೆ ಹೊರಳಿ, ನೇರವಾಗಿ ಆ ದಡದ ಲಾಂಚು ಜೆಟ್ಟಿಗೆ ಹೋಗಿ, ಬಲಮಗ್ಗುಲು ತಾಗಿಸಿ ಅಚ್ಚುಕಟ್ಟಾಗಿ ನಿಂತಿತು. ಸಾಲದ್ದಕ್ಕೆ ದೊಡ್ಡಮ್ಮ ಎದ್ದು ನಿಂತು, ಲಾಂಚಿಗೆ ಕಾಯುತ್ತಿದ್ದ ಜನಕ್ಕೆ “ಮೊದ್ಲು ಇಳಿಯೋರಿಗೆ ದಾರಿ ಬಿಡಿ” ಎಂದು ಗದರಿದಳು. ದೊಡ್ಡಪ್ಪ ವಿಧೇಯರಾಗಿ ಇಳಿದರು.

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ, ಯಾಕೆ ಸುಳ್ಳು ಹೇಳಲಿ. ಡೀಸೆಲ್ ಬಂಕಿನವನಂತೂ ಅದಕ್ಕೆ ಉಪ್ಪುಕಾರ ಹಚ್ಚಿ ವಾರವಿಡೀ ಹೇಳಿದ. ದಿನಾ ಮಳೆ-ಗಾಳಿಯ ಭವಿಷ್ಯ ಹೇಳಿ ದಿನಾ ತಪ್ಪುವ ಅವನನ್ನು ನಾವು ‘ಹವಾಮಾನ’ ಎನ್ನುತ್ತೇವೆ. ಹುಟ್ಟುಗುಣ ಸುಟ್ಟರೂ ಹೋಗದು, ಗಾಣದೆತ್ತನ್ನು ಬಯಲಿಗೆ ಬಿಟ್ಟರೂ ಅದು ಸುತ್ತುವುದೇ ಸೈ, ಈ ದೋಣಿ ಬಂದರಿನ ಬಾಯಿ ದಾಟಿದರೆ ನನ್ನ ಮೀಸೆ ಬೋಳಿಸುತ್ತೇನೆ ಎಂದು ಅವನ ವರದಿ.

ಎರಡನೇ ಸಲವೂ ಹಾಗೇ ಆಯಿತು. ಆ ಸಂಜೆ ನಾನು ಅವರ ಮನೆಗೆ ಹೋದಾಗ ದೊಡ್ಡಮ್ಮ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ತನ್ನ ಎರಡೂ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದಳು.

“ತಲೆ ಒಂದು ಹೇಳುತ್ತೆ, ಕೈ ಇನ್ನೊಂದು ಮಾಡುತ್ತೆ ಕಣೇ,” ಎಂದಳು. “ಹೊರಡೋ ದಿನವೂ ಹೀಗೇ ಆದ್ರೆ ದೋಣಿ ಮಾರಿಬಿಡ್ತೀನಿ. ಇನ್ನೊಂದು ಸಲ ಊರನ್ನ ನಗಿಸೋಕೆ ನನ್ನ ಕೈಲಿ ಆಗಲ್ಲ.”

ಅವಳು ಹೇಳಿದರೆ ಹೇಳಿದ್ದೇ. ದೊಡ್ಡಪ್ಪ ಮಾತ್ರ, ಬಂದರಿನೊಳಗೇ ಸುತ್ತುವುದಾದರೂ ತಾನು ಜೊತೆಗಿರುತ್ತೇನೆ, ಹೇಗೂ ಊಟಕ್ಕೆ ಮನೆ ಹತ್ತಿರ ಎಂದು ಕತ್ತರಿ ಒರೆಸುತ್ತಾ ನಕ್ಕರು. ಅವಳು ನಗಲಿಲ್ಲ.

ಹೊರಡುವ ಬೆಳಿಗ್ಗೆ ನೋಡಿದರೆ ಗಾಳಿ ಕಡಲಿನಿಂದ ನೇರ ಒಳಗೆ ನುಗ್ಗುತ್ತಿತ್ತು. ಎದುರು ಗಾಳಿಯಲ್ಲಿ ಹಾಯಿದೋಣಿ ನೆಟ್ಟಗೆ ಹೋಗಲಾರದು. ಓರೆಯಾಗಿ ಆ ದಡಕ್ಕೊಮ್ಮೆ ಈ ದಡಕ್ಕೊಮ್ಮೆ ಹಾಯ್ದು, ಪ್ರತಿ ಸಲ ಚೂರು ಚೂರೇ ಮುಂದೆ ಸರಿಯಬೇಕು. ಇದು ಬಂದರಿನ ಮಕ್ಕಳಿಗೂ ಗೊತ್ತು. ಹಾಗಾಗಿಯೇ ನನಗೆ ಭಯವಾಯಿತು. ಒಮ್ಮೆ ನಡುನೀರಿಗೆ ಬಂದರೆ ಸಾಕು, ಜೆಟ್ಟಿಗೆ ಹೊರಳುವ ಕೈ ಅದು. ಈಗ ಗಾಳಿಯೇ ಅವಳನ್ನು ಜೆಟ್ಟಿಯ ಬಾಗಿಲಿಗೆ ಕರೆದೊಯ್ಯುತ್ತದೆ. ನಾಳೆ ಹೊರಡು ಎಂದು ಫೋನ್ ಮಾಡಿದೆ. ಅವಳು ಎತ್ತಲಿಲ್ಲ.

ನಾನು ಲಾಂಚು ತುಂಬ ಜನ ಹೇರಿಕೊಂಡು ನಡುನೀರಿಗೆ ಬರುವಷ್ಟರಲ್ಲಿ ಅವಳ ಬಿಳಿ ಹಾಯಿ ಏರಿತ್ತು. ನಿಯಮದಂತೆ ಲಾಂಚು ನಿಲ್ಲಿಸಿದೆ. ದೋಣಿ ಓರೆಯಾಗಿ ಆ ದಡದ ಜೆಟ್ಟಿಯ ಕಡೆಗೇ ಹೊರಟಿತು. ಅಲ್ಲಿ ‘ಹವಾಮಾನ’ ಮುಂದೆ ಬಂದು, ಹಗ್ಗ ಹಿಡಿಯುವವನ ಹಾಗೆ ಎರಡೂ ಕೈ ಚಾಚಿ ನಿಂತಿದ್ದ. ಹಿಂದೆ ನಗಲು ಸಿದ್ಧವಾದ ಒಂದು ಗುಂಪು. ದೋಣಿ ಹತ್ತಿರವಾಯಿತು, ಇನ್ನೂ ಹತ್ತಿರವಾಯಿತು. ನಾನು ಚುಕ್ಕಾಣಿಯ ಚಕ್ರವನ್ನು ಬಿಗಿಯಾಗಿ ಹಿಡಿದು, ತಿರುಗಿಸು ದೊಡ್ಡಮ್ಮಾ ಎಂದು ಒಬ್ಬಳೇ ಗೊಣಗುತ್ತಿದ್ದೆ. ಅವನ ಕೈಗೂ ದೋಣಿಗೂ ಒಂದು ಗೇಣು ನೀರು ಉಳಿದಾಗ ಅವಳ ದನಿ ಇಡೀ ಬಂದರಿಗೆ ಕೇಳಿಸಿತು.

“ಇವತ್ತು ಇಲ್ಲಿ ಇಳಿಯೋರು ಯಾರೂ ಇಲ್ಲ!”

ಹಾಯಿ ಪಟಾರನೆ ಮಗ್ಗುಲು ಬದಲಿಸಿತು. ದೋಣಿ ಹೊರಳಿ ಈ ದಡದತ್ತ ಓಡಿತು. ಈ ದಡದ ಕಲ್ಲು ಮುಟ್ಟುವಷ್ಟು ಬಂದು ಮತ್ತೆ ಹೊರಳಿತು. ಆಚೆ, ಈಚೆ, ಪುನಃ ಆಚೆ. ಬೇರೆ ದೋಣಿಯವರಾಗಿದ್ದರೆ ದಡಕ್ಕೆ ಹೆದರಿ ಬೇಗನೆ ತಿರುಗಿಸಿ, ಸಿಕ್ಕುವ ಮುನ್ನಡೆಯನ್ನೂ ಕಳೆದುಕೊಳ್ಳುತ್ತಿದ್ದರು. ಇವಳಿಗೆ ಯಾವ ದಡದಲ್ಲಿ ಎಲ್ಲಿ ಆಳ, ಎಷ್ಟು ಹತ್ತಿರ ಹೋಗಬಹುದು ಎಂಬುದೆಲ್ಲ ಕೈಗೇ ಗೊತ್ತಿತ್ತು. ಅವಳ ಕೈ ತನಗೆ ಅಭ್ಯಾಸವಿದ್ದ ಕೆಲಸವನ್ನೇ ಮಾಡುತ್ತಿತ್ತು, ಅದೇ ಕೆಲಸ ಅವಳನ್ನು ಹೊರಗೆ ಒಯ್ಯುತ್ತಿತ್ತು. ನಮ್ಮ ಗಾಣದೆತ್ತು ಕಡಲಿಗೆ ದಾರಿ ಮಾಡಿಕೊಂಡಿತ್ತು.

ಲಾಂಚಿನಲ್ಲಿ ಕೆಲಸಕ್ಕೆ ತಡವಾಯಿತೆಂದು ಗೊಣಗುತ್ತಿದ್ದವರೂ ಎದ್ದು ಬಂದು ಕಂಬಿ ಹಿಡಿದು ನಿಂತಿದ್ದರು. ನನ್ನ ಬೆರಳು ಹಾರನ್ನಿನ ಗುಂಡಿಯ ಮೇಲಿತ್ತು. ಒತ್ತಲು ಜೀವ ತುಡಿಯುತ್ತಿತ್ತು. ಒತ್ತಲಿಲ್ಲ. ಮುಂಚೆಯೇ ಒತ್ತಿಬಿಟ್ಟಿದ್ದರೆ ಎರಡು ತಿಂಗಳಾದ ಮೇಲೆ ಬಂದಾದರೂ ಬೈಯುತ್ತಿದ್ದಳು. ಕೊನೆಯ ಹೊರಳು ಹೊರಳಿ, ದೋಣಿಯ ಮೂತಿ ಕೆಂಪು ದೀಪದ ಕಂಬವನ್ನು ದಾಟಿತು. ಅದರ ಹಿಂದೆ ಹಾಯಿ ದಾಟಿತು. ಅದರ ಹಿಂದೆ ಚುಕ್ಕಾಣಿ ಹಿಡಿದ ದೊಡ್ಡಮ್ಮ ದಾಟಿದಳು.

ಆಗ ಒತ್ತಿದೆ. ಉಸಿರು ಹಿಡಿದು, ಅವಳು ಕಲಿಸಿದಷ್ಟೇ ಉದ್ದಕ್ಕೆ, ಒಂದೇ ಒಂದು ಸಲ.

ದೊಡ್ಡಪ್ಪ ಅಂಗಡಿಯ ಬಿಳಿ ಟವಲನ್ನು ತಲೆಯ ಮೇಲೆ ಬೀಸಿದರು. ದೊಡ್ಡಮ್ಮ ತಿರುಗಿ ನೋಡಲಿಲ್ಲ. ಅಷ್ಟು ವರ್ಷ ತಾನು ಕಳಿಸಿಕೊಟ್ಟವರು ಮಾಡಿದ ಹಾಗೆಯೇ ಒಂದು ಕೈಯನ್ನು ಮೇಲೆತ್ತಿ, ಸ್ವಲ್ಪ ಹೊತ್ತು ಹಾಗೇ ಹಿಡಿದು, ಇಳಿಸಿದಳು.

ಕಂಬಿ ಹಿಡಿದು ನಿಂತಿದ್ದ ಹೆಂಗಸೊಬ್ಬಳು, ಯಾರಮ್ಮಾ ಆಕೆ ಎಂದು ಕೇಳಿದಳು.

“ನಮ್ಮ ದೊಡ್ಡಮ್ಮ,” ಎಂದೆ, ಎಲ್ಲರಿಗೂ ಕೇಳಲೆಂದು ಸ್ವಲ್ಪ ಗಟ್ಟಿಯಾಗಿಯೇ.