ಮೇಸ್ತ್ರಿಯ ಕಣ್ಣು

ಬೆಳಗಿನ ಆರೂವರೆ. ಖಾಲಿ ಕೋಣೆಯ ಗೋಡೆಗೆ ಅಂಗೈಯಗಲದ ಎರಡು ಹಸಿರು ಪಟ್ಟಿ ಬಳಿದು, ಒಣಗಲು ಬಿಟ್ಟು, ಆಕೆ ಕಿಟಕಿ ತೆರೆಯುತ್ತಾರೆ. ಒಂದರಲ್ಲಿ ಒಂದೇ ಒಂದು ಹನಿ ಕೆಂಪು ಬೆರೆತಿದೆಯಂತೆ. ಕಣ್ಣರಳಿಸಿ ನೋಡಿದರೂ ನನಗದು ಕಾಣಲಿಲ್ಲ. "ಇದು ಮಧ್ಯಾಹ್ನಕ್ಕೆ ಮಂಕಾಗುತ್ತೆ, ಮಕ್ಕಳ ಕೋಣೆಗೆ ಬೇಡ" ಎಂದು ಒಂದು ಪಟ್ಟಿ ತೋರಿಸಿ, ಆಕೆ ಕುಂಚವನ್ನು ಇನ್ನೊಂದು ಬಣ್ಣದ ಡಬ್ಬದ ಮೇಲೆ ಅಡ್ಡ ಇಡುತ್ತಾರೆ.

ಎಂಟಕ್ಕೆ ಮನೆಯೊಡತಿ ಬರುತ್ತಾರೆ. "ಬೆಳಕಿಗೆ ಅಡ್ಡ ನಿಲ್ಬೇಡಮ್ಮ, ಮೇಸ್ತ್ರಿ ನೋಡ್ಲಿ." ಮೇಸ್ತ್ರಿ ಎಂದರೆ ಪಟ್ಟಿ ಬಳಿದ ಈಕೆಯ ಗಂಡ. ಅವರು ಕೈಕಟ್ಟಿ, ಹುಬ್ಬು ಗಂಟಿಕ್ಕಿ, ಮೂರು ನಿಮಿಷ ಗೋಡೆ ನೋಡಿ, ಕುಂಚವಿಟ್ಟ ಡಬ್ಬ ತೋರಿಸುತ್ತಾರೆ. "ಏನ್ ಕಣ್ಣು ಮೇಸ್ತ್ರಿ ನಿಮ್ದು!" ಎನ್ನುತ್ತಾರೆ ಮನೆಯೊಡತಿ. ಆ ಕಣ್ಣಿಗೆ ಹಸಿರೂ ಕಂದೂ ಒಂದೇ.

ಮದುವೆಯ ಹೊಸತರಲ್ಲಿ ಗಂಡ, ಹಸಿರು ಬಳಿಯಬೇಕಿದ್ದ ಯಾರದೋ ಬಾಗಿಲಿಗೆ ಕಂದು ಬಳಿದು ಬೈಸಿಕೊಂಡು ಬಂದರಂತೆ. ಮರುದಿನದಿಂದಲೇ ಹೆಂಡತಿಯೂ ಕೆಲಸಕ್ಕೆ ಜೊತೆಗೆ ಹೊರಟರು. ಹದಿನೇಳು ವರ್ಷವಾಯಿತು. ದಿನಕ್ಕೆ ಅರವತ್ತು ಸಲ ಏಣಿ ಹತ್ತಿಳಿಯುವುದು, ಗೋಡೆ ಉಜ್ಜಿದ ಪುಡಿ ಕುಡಿದು ಕೆಮ್ಮುವುದು, ಸಂಜೆ ಮನೆಗೆ ಹೋಗಿ ಒಲೆ ಹಚ್ಚುವುದು. "ಅವರು ಕೆಳಗೆ ಏಣಿ ಹಿಡ್ಕೊಂಡಿರ್ತಾರೆ. ಬಿದ್ರೆ ನಾನೇ ಬೀಳೋದು."

ಈಗ ಪೇಟೆಯ ದೊಡ್ಡ ಬಣ್ಣದಂಗಡಿಯೊಂದು ಮೇಸ್ತ್ರಿಯನ್ನು ಕರೆದಿದೆ. ಗಿರಾಕಿಗಳಿಗೆ ಬಣ್ಣ ಆರಿಸಿಕೊಡುವ ಕೆಲಸ, ಫ್ಯಾನಿನ ಕೆಳಗೆ ಕುರ್ಚಿ. ಅಲ್ಲಿ ನಿಜ ಹೇಳಿ, ಆ ಕೆಲಸ ತನಗೇ ಕೊಡಿಸಿ ಎಂದು ಈಕೆ ಗಂಡನನ್ನು ಕೇಳಿದ್ದಾರೆ. ಜನ ನಗುತ್ತಾರೆ ಎಂದ ಗಂಡ, ಅಂಗಡಿ ಗುಡಿಸಲು ಹೆಂಡತಿಯನ್ನು ಸೇರಿಸಿಕೊಳ್ಳುವಂತೆ ಮಾತಾಡಿ ಬಂದಿದ್ದಾರೆ. ಪಕ್ಕದಲ್ಲೇ ಇದ್ದರೆ ಅನುಕೂಲವಲ್ಲವೇ! ಕೇಳಿ ನನಗೆ ಮೈಯೆಲ್ಲ ಉರಿಯಿತು.

ಆಕೆ ಮಾತ್ರ ಏಣಿಯ ಮೇಲೆ ನಿಂತು ಗೋಡೆಯಂಚಿಗೆ ಹಸಿರು ಎಳೆಯುತ್ತಲೇ ಇದ್ದಾರೆ. "ಗುಡಿಸೋಕೆ ನಂಗೇನೂ ನಾಚಿಕೆ ಇಲ್ಲ. ಆದ್ರೆ ನನ್ನ ಕುರ್ಚಿ ಕೆಳಗೆ ನಾನೇ ಗುಡಿಸೋದಾ?"

ಇದನ್ನೆಲ್ಲ ಪತ್ರಿಕೆಯಲ್ಲಿ ಬರೆದರೆ ಗಂಡನ ಕೆಲಸ ತಪ್ಪುತ್ತದೆ, ಅಂಗಡಿಯವರು ನಿಮ್ಮನ್ನೂ ಆ ಕುರ್ಚಿಯಲ್ಲಿ ಕೂರಿಸಲಿಕ್ಕಿಲ್ಲ ಎಂದು ಎಚ್ಚರಿಸುತ್ತೇನೆ. ಎಳೆಯುತ್ತಿದ್ದ ಗೆರೆಯನ್ನು ಮೂಲೆಯವರೆಗೂ ಮುಗಿಸಿ ಆಕೆ ತಿರುಗುತ್ತಾರೆ.

"ಗೊತ್ತು, ಬರೀರಿ. ಹೆಸರು ಹಾಕ್ಬೇಡಿ. ಕಣ್ಣು ಅವಳದ್ದು ಅಂತ ಬರೀರಿ, ಸಾಕು."