‘ಮತ್ತು ಸಂಗಡಿಗರು’ ಎಂದು ಬರೆದವನು ನಾನೇ

2017ರಲ್ಲಿ ನಾನು ಕೊಪ್ಪಳದಲ್ಲಿ ಆಡಿಯೊ ಉಪಕರಣಗಳನ್ನು ಮಾರುವ, ಅಳವಡಿಸುವ, ಕೆಟ್ಟರೆ ರಿಪೇರಿ ಮಾಡುವ ಸಣ್ಣ ಅಂಗಡಿ ನಡೆಸುತ್ತಿದ್ದೆ. ಅದಕ್ಕೂ ಇಪ್ಪತ್ತು ವರ್ಷ ಹಿಂದೆ, ಕೊಪ್ಪಳ ಬೇರೆ ಜಿಲ್ಲೆಯಾದ 1997ರಲ್ಲಿ, ಗಂಗಾವತಿಯ ಒಂದು ಕ್ಯಾಸೆಟ್ ರೆಕಾರ್ಡಿಂಗ್ ಕೋಣೆಯಲ್ಲಿ ಕೆಲಸಕ್ಕೆ ಸೇರಿದವನು ನಾನು. ಬೇರೆಯವರ ದನಿ ಹಿಡಿದು, ಅದನ್ನು ತಿದ್ದಿ ತೀಡಿ ಹೊಟ್ಟೆ ಹೊರೆದುಕೊಂಡವನು. ಈ ಅವಧಿಯಲ್ಲಿ ಒಬ್ಬ ಹಾಡುಗಾರ್ತಿಯ ಹೆಸರು ನನ್ನ ಕೈಯಿಂದಲೇ ಎರಡು ಸಲ ಕಾಣೆಯಾಯಿತು. ಅದನ್ನು ಹುಡುಕಿ ಕೊಡುವ ಹೊತ್ತಿಗೆ ನನ್ನ ತಲೆ ಚಿಟ್ಟು ಹಿಡಿದು ಹೋಗಿತ್ತು. ಆ ಪ್ರಸಂಗವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಶುರುವಾದದ್ದು ಅಮರೇಗೌಡರಿಂದ. ಗಂಗಾವತಿಯಲ್ಲಿ ಅಕ್ಕಿ ಗಿರಣಿ ಇದ್ದ ಗೌಡರಿಗೆ ಹಾಡಿನ ಹುಚ್ಚು. ಆ ವರ್ಷ ಅವರು ಮ್ಯೂಸಿಕ್ ಸರ್ವರ್ ತರಿಸಿದರು. ನೋಡಲು ಅದೊಂದು ಕಪ್ಪು ಲೋಹದ ಪೆಟ್ಟಿಗೆ, ಒಳಗೆ ಹಾರ್ಡ್ ಡಿಸ್ಕ್. ಸಾವಿರಾರು ಹಾಡುಗಳನ್ನು ಫೈಲುಗಳಾಗಿ ತುಂಬಿಟ್ಟರೆ, ಟ್ಯಾಬ್ಲೆಟ್ ಮೇಲೆ ಬೆರಳು ಒತ್ತಿದೊಡನೆ ಬೇಕಾದದ್ದನ್ನು ಹುಡುಕಿ ಕೊಡುತ್ತದೆ. ಪಕ್ಕದಲ್ಲಿ ಡ್ಯಾಕ್ ಎಂಬ ಇನ್ನೊಂದು ಪೆಟ್ಟಿಗೆ. ಅದು ಫೈಲಿನ ಅಂಕಿಗಳನ್ನು ಮತ್ತೆ ದನಿಯಾಗಿ ಮಾಡಿ ಆಂಪ್ಲಿಫೈಯರಿಗೆ ಕಳಿಸುತ್ತದೆ. ಎರಡೂ ಸೇರಿದರೆ ಹೊಸ ಟ್ರ್ಯಾಕ್ಟರಿನ ಬೆಲೆ.

ಅಲ್ಲಿಗೆ ಮುಗಿದಿದ್ದರೆ ಗೌಡರ ಹೆಸರಲ್ಲಿ ಹುಲಿಗೆಮ್ಮನಿಗೆ ಕಾಯಿ ಒಡೆಸುತ್ತಿದ್ದೆ. ಆದರೆ ಅಪ್‌ಗ್ರೇಡ್ ಎಂಬ ಮಾತು ಯಾರೋ ಅವರ ಕಿವಿಗೆ ಹಾಕಿಬಿಟ್ಟಿದ್ದರು. ಒಂದು ವಾರ ಹೆಬ್ಬೆರಳು ದಪ್ಪದ ಪವರ್ ಕೇಬಲ್ಲು, ಇನ್ನೊಂದು ವಾರ ಸರ್ವರ್ ಕೆಳಗೆ ಇಡಲು ಕುಷ್ಟಗಿ ಕಡೆಯ ಗ್ರಾನೈಟ್ ಚಪ್ಪಡಿ, ಮುಂದಿನ ವಾರ ಚಪ್ಪಡಿಯ ಕೆಳಗೆ ರಬ್ಬರು. ಪ್ರತಿ ಸಲ ನಾನು ಕೊಪ್ಪಳದಿಂದ ಬಸ್ಸು ಹಿಡಿದು ಹೋಗಬೇಕು. ಫೋನಂತೂ ಬಿಡುವಿಲ್ಲದೆ ಬಡಿದುಕೊಳ್ಳುತ್ತಿತ್ತು.

“ವೀರೇಶ, ನಿನ್ನಿ ಇದ್ದ ದನಿ ಇವತ್ತ ಇಲ್ಲ ನೋಡು. ಪರದೆ ಬಿದ್ದಂಗ ಆಗೇತಿ.”

“ಗೌಡ್ರ, ಗಿರಣಿ ಚಾಲೂ ಐತೇನ್ರಿ?”

“ಐತಿ.”

“ಅದನ್ನ ಜರಾ ಬಂದ್ ಮಾಡಿಸಿ ಕೇಳ್ರಿ.”

“ಗಿರಣಿ ಬಂದ್ ಮಾಡಿದ್ರ ಮುಂದಿನ ಪೆಟಗಿ ಹೆಂಗ ತರ್ಲೋ, ಶಾಣ್ಯಾ?”

ಇಂಥವರ ಜೊತೆ ಏನು ಮಾತಾಡುತ್ತೀರಿ? ಹೂಂ ಅಂದು ಫೋನ್ ಇಡುತ್ತಿದ್ದೆ.

ಗೌಡರಿಗೆ ಬೇಕಾದದ್ದು ನಮ್ಮ ಭಾಗದ ಹಾಡುಗಳು: ಸೋಬಾನ ಪದ, ಬೀಸುವ ಪದ, ಭಜನೆ. ಅವು ಇಂಟರ್‌ನೆಟ್ಟಿನಲ್ಲಿ ಎಲ್ಲಿ ಸಿಗಬೇಕು? ನಾನು ಕೆಲಸ ಮಾಡುತ್ತಿದ್ದ ರೆಕಾರ್ಡಿಂಗ್ ಕೋಣೆ ಮುಚ್ಚಿದಾಗ ಅಲ್ಲಿನ ಮಾಸ್ಟರ್ ಟೇಪುಗಳ ಟ್ರಂಕು ನನ್ನ ಪಾಲಿಗೆ ಬಂದಿತ್ತು. ಮಾಸ್ಟರ್ ಎಂದರೆ ಮೂಲ ಟೇಪು. ಅದರಿಂದಲೇ ಮಾರಾಟದ ಕ್ಯಾಸೆಟ್ಟುಗಳಿಗೆ ನಕಲು ತೆಗೆಯುತ್ತಿದ್ದೆವು. ಗೌಡರು ಟ್ರಂಕನ್ನು ಖರೀದಿಸಿ, ಒಳಗಿದ್ದ 312 ಟೇಪುಗಳನ್ನೂ ಫೈಲು ಮಾಡಿ ಸರ್ವರಿಗೆ ತುಂಬುವ ಕೆಲಸವನ್ನು ನನಗೇ ವಹಿಸಿದರು.

ಇಲ್ಲಿ ನಾನು ಮಾಡಿದ ಒಂದು ಘನಂದಾರಿ ಕೆಲಸ ಹೇಳಬೇಕು. ಕಂಪ್ಯೂಟರಿನಲ್ಲಿ ದನಿ ಅಲೆಯಾಗಿ ಕಾಣುತ್ತದೆ. ಹಾಡು ದೊಡ್ಡ ಅಲೆ. ಹಾಡಿಗೆ ಮೊದಲಿನ ಕೆಮ್ಮು, ಮಾತು, ಹಾರ್ಮೋನಿಯಂ ಪೆಟ್ಟಿಗೆ ಎಳೆದ ಸದ್ದು ಇವೆಲ್ಲ ಸಣ್ಣ ಅಲೆ. ಕೂತು ಕೇಳುವ ವ್ಯವಧಾನ ಯಾರಿಗಿತ್ತು? ಅಲೆ ಎಲ್ಲಿ ದೊಡ್ಡದಾಗುತ್ತದೋ ಅಲ್ಲಿಗೆ ಕತ್ತರಿ ಹಾಕಿದೆ. ಒಂದು ದಿನಕ್ಕೆ ಹತ್ತು ಟೇಪು ಮುಗಿಸಿದ್ದೂ ಉಂಟು. ಜಾಗ ಸಾಲದೆಂದು ಕತ್ತರಿಸದ ಫೈಲುಗಳನ್ನು ಅಳಿಸಿಯೂ ಬಿಟ್ಟೆ. ಮಾಸ್ಟರ್ ಟೇಪುಗಳು ಗೌಡರ ಕಪಾಟು ಸೇರಿದವು.

ತುಂಬಿಸಿ ಕೊಟ್ಟ ಮೂರನೆಯ ದಿನ ಮತ್ತೆ ಫೋನು. ಸರ್ವರಿನಲ್ಲಿ ಪ್ರತಿ ಹಾಡಿಗೂ ಒಂದು ವಿವರಚೀಟಿ ಇರುತ್ತದೆ: ಹಾಡಿನ ಹೆಸರು, ಹಾಡಿದವರ ಹೆಸರು, ವರ್ಷ. ಹಾಡಿದವರ ಹೆಸರು ತುಂಬದಿದ್ದರೆ ತಾನಾಗಿಯೇ ‘ಅನ್‌ನೋನ್ ಆರ್ಟಿಸ್ಟ್’, ಅಂದರೆ ಅಪರಿಚಿತ ಕಲಾವಿದ, ಎಂದು ತೋರಿಸುತ್ತದೆ.

“ಯಾರೋ ಇಂವ ಅನ್‌ನೋನ್ ಆರ್ಟಿಸ್ಟು? ಭಾಳ ಹಾಡ್ಯಾನಲ್ಲೋ!” ಎಂದರು ಗೌಡರು. “ನನ್ನ ಪರದೆ ಮ್ಯಾಲ ಈ ಹೆಸರು ಕಾಣಬಾರ್ದು. ಎಲ್ಲಾ ತುಂಬು.”

ನಾನು ಹಳೆಯ ಕ್ಯಾಸೆಟ್ ಡಬ್ಬಿಗಳೊಳಗಿನ ಹೆಸರಿನ ಕಾರ್ಡುಗಳನ್ನು ಮುಂದಿಟ್ಟುಕೊಂಡು, ಇದ್ದದ್ದನ್ನು ಇದ್ದ ಹಾಗೆ ತುಂಬಿದೆ. ಅದರಲ್ಲಿ ಒಂದು ಸೋಬಾನ ಪದದ ಟೇಪಿಗೆ ಹತ್ತು ಹಾಡಿಗೂ ಒಂದೇ ಹೆಸರು: ‘ಹನುಮಂತಪ್ಪ ಮತ್ತು ಸಂಗಡಿಗರು’. ಗೌಡರು ಸುಮ್ಮನಾದರು. ಪೀಡೆ ಕಳೆಯಿತು ಎಂದುಕೊಂಡೆ.

ಇದಾಗಿ ತಿಂಗಳೊಳಗೆ ನನ್ನ ಅಂಗಡಿಗೆ ಅರವತ್ತರ ಹತ್ತಿರದ ಒಬ್ಬ ಹೆಂಗಸು ಬಂದಳು. ಕೈಯಲ್ಲಿ ಅಂಚು ಹರಿದ ಕ್ಯಾಸೆಟ್ ಕಾರ್ಡು.

“ವೀರೇಶಪ್ಪಾ, ಗುರ್ತು ಸಿಗಲಿಲ್ಲೇನ್ರಿ? ನಾ ದ್ಯಾಮವ್ವ, ಭಾಗ್ಯನಗರದಾಕಿ. ಹನುಮಂತಪ್ಪನವರ ಜೋಡಿ ಹಾಡಾಕ ಬರ್ತಿದ್ದೆ ನೋಡ್ರಿ.”

ದ್ಯಾಮವ್ವ ಭಾಗ್ಯನಗರದಲ್ಲಿ ವಿಗ್ ತಯಾರಿಕೆಗೆ ಕೂದಲು ಆರಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಕಣ್ಣು ಮಂಜಾಗಿ, ಕರಿ ಕೂದಲು ಯಾವುದು ಬಿಳಿ ಕೂದಲು ಯಾವುದು ತಿಳಿಯದಾಗಿ, ಕೆಲಸ ಬಿಡುವ ಹಂತಕ್ಕೆ ಬಂದಿದ್ದಳು. ಹಿರಿಯ ಕಲಾವಿದರಿಗೆ ಸರ್ಕಾರ ಕೊಡುವ ಮಾಸಾಶನಕ್ಕೆ ಅರ್ಜಿ ಹಾಕಿದ್ದಳು. ಹಾಡಿದ್ದಕ್ಕೆ ಪುರಾವೆ ತರಲು ಹೇಳಿದ್ದರು. ಕೇಳಿದ್ದು ತಪ್ಪೇನಲ್ಲ, ಪುರಾವೆ ಇಲ್ಲದೆ ಯಾರೂ ಕೊಡುವುದಿಲ್ಲ. ಹನುಮಂತಪ್ಪನವರು ತೀರಿಹೋಗಿದ್ದರು. ಉಳಿದದ್ದು ಈ ಕಾರ್ಡು.

“ಈ ಕಾಗದದಾಗ ನಾ ಎಲ್ಲಿ ಅದೀನಿ, ಜರಾ ತೋರಸ್ರಿ” ಎಂದಳು. ಆಕೆಗೆ ಓದು ಬರುತ್ತಿರಲಿಲ್ಲ.

ಎಲ್ಲಿ ತೋರಿಸಲಿ? ‘ಸಂಗಡಿಗರು’ ಎಂಬ ಶಬ್ದದ ಮೇಲೆ ಬೆರಳಿಟ್ಟೆ. ಆ ಶಬ್ದ ಬರೆದವನೂ ನಾನೇ. 1999ರಲ್ಲಿ ಆ ಟೇಪು ಮಾಡಿದಾಗ ಹಾಡಿದವರು ಐದು ಜನ ಹೆಣ್ಣುಮಕ್ಕಳು. ಹನುಮಂತಪ್ಪನವರು ಹಾರ್ಮೋನಿಯಂ ಬಾರಿಸಿದ್ದರು, ಅಷ್ಟೇ. ಕಾರ್ಡು ಬರೆಯುವಾಗ ಅವರು ಐದೂ ಹೆಸರು ಹೇಳಿದ್ದರು. ಆದರೆ ಆ ಕಾಲದಲ್ಲಿ ನಮ್ಮ ಕಡೆ ಎಲ್ಲ ಕ್ಯಾಸೆಟ್ಟಿನ ಮೇಲೂ ಹಾಗೆಯೇ ಬರೆಯುವ ರೂಢಿ: ಮುಖ್ಯಸ್ಥನ ಹೆಸರು, ಮುಂದೆ ‘ಮತ್ತು ಸಂಗಡಿಗರು’. ನನಗೂ ಅದೇ ಸಲೀಸಾಯಿತು.

“ಆವಾಗ ಯಾಕ ತಕರಾರು ತಗೀಲಿಲ್ಲ ದ್ಯಾಮಕ್ಕ?” ಎಂದು ರೇಗಿದೆ. ನನ್ನ ತಪ್ಪಿಗೆ ಆಕೆಯ ಮೇಲೆ ರೇಗಿದ್ದು.

“ಓದಾಕ ಬರೋರು ನೀವಿದ್ರೆಲ್ರಿ” ಎಂದಳು.

ಆಗ ನನಗೆ ಹೊಳೆದದ್ದು ಹನುಮಂತಪ್ಪನವರ ಒಂದು ಚಾಳಿ. ಪ್ರತಿ ಹಾಡಿಗೂ ಮೊದಲು, ಆ ಪದ ಯಾರು ಎತ್ತಬೇಕೋ ಅವರ ಹೆಸರು ಹಿಡಿದು ಕೂಗುತ್ತಿದ್ದರು. ಮಾರಾಟದ ಕ್ಯಾಸೆಟ್ಟಿನಲ್ಲಿ ಅದು ಇರಲಿಲ್ಲ, ನಕಲು ಮಾಡುವಾಗ ನಾನೇ ತೆಗೆದುಹಾಕುತ್ತಿದ್ದೆ. ಸರ್ವರಿನ ಫೈಲಿನಲ್ಲೂ ಇಲ್ಲ, ಅದನ್ನೂ ನಾನೇ ಕತ್ತರಿಸಿದ್ದೆ. ಇದ್ದರೆ ಮಾಸ್ಟರಿನಲ್ಲಿ ಮಾತ್ರ. ಗೌಡರಿಗೆ ಫೋನ್ ಮಾಡಿ, ಒಂದು ದಿನದ ಮಟ್ಟಿಗೆ ಆ ಟೇಪು ಕೊಡಿ ಎಂದೆ.

“ಮಾಸ್ಟರ್ ನನ್ನ ಹೊಸ್ತಿಲಾ ದಾಟೂದಿಲ್ಲ. ಬೇಕಾದ್ರ ಆಕೀನ್ನ ಕರ್ಕೊಂಡ ಬಾ. ಹೊಸಾ ಡ್ಯಾಕ್ ಹಾಕ್ಸೇನಿ, ನೀನೂ ಕೇಳಿದಂಗ ಆತು.”

ಮತ್ತೊಂದು ಡ್ಯಾಕು! ಹಣೆ ಹಣೆ ಬಡಿದುಕೊಂಡೆ.

ಮುಂದಿನ ಭಾನುವಾರ ಗಿರಣಿ ರಜೆ ಇತ್ತು. ದ್ಯಾಮವ್ವನನ್ನು ಕರೆದುಕೊಂಡು ಗಂಗಾವತಿಗೆ ಹೋದೆ. ಹೋಗುವ ಮೊದಲೇ ಒಂದು ದೃಢೀಕರಣ ಪತ್ರ ಟೈಪು ಮಾಡಿಸಿಟ್ಟಿದ್ದೆ: ಈ ಟೇಪಿನ ಮೊದಲ ಹಾಡನ್ನು ಹಾಡಿದವರು ದ್ಯಾಮವ್ವ, ರೆಕಾರ್ಡ್ ಮಾಡಿದವನು ನಾನು, ಟೇಪು ಇರುವುದು ಅಮರೇಗೌಡರ ಬಳಿ. ಮೊದಲ ಹಾಡಿನಲ್ಲಿ ಒಂಟಿ ದನಿ ಬಹಳ ಹೊತ್ತು ಇದೆ, ಅದು ಆಕೆಯದೇ ಎಂದು ನನಗೆ ಖಾತ್ರಿ ಇತ್ತು. ಗೌಡರು ಸಹಿಗೆ ಪೆನ್ನು ತೆಗೆದರು. ಅಷ್ಟರಲ್ಲಿ ಅವರಿಗೆ ತಮ್ಮ ಹೊಸ ಡ್ಯಾಕ್ ತೋರಿಸುವ ಆಸೆ. ಸರ್ವರಿನಿಂದ ಆ ಹಾಡು ಹಚ್ಚಿದರು.

ಒಪ್ಪಿಕೊಳ್ಳಬೇಕು, ದನಿ ಬಹಳ ಚೆನ್ನಾಗಿತ್ತು. ಅಂಗಡಿಯ ಟೇಪ್ ರೆಕಾರ್ಡರಿನಲ್ಲಿ ಐದು ಜನ ಕಲಸಿದ ಅನ್ನದಂತೆ ಕೇಳುತ್ತಿದ್ದರು. ಇಲ್ಲಿ ಒಬ್ಬೊಬ್ಬರು ಎಲ್ಲಿ ಕೂತಿದ್ದರು ಎಂಬುದೂ ತಿಳಿಯುತ್ತಿತ್ತು. ದ್ಯಾಮವ್ವ ಸೋಫಾದ ತುದಿಯಲ್ಲಿ ಕೂತು ಒಂದು ಚರಣ ಪೂರ್ತಿ ಕೇಳಿದಳು.

“ಇದು ನಾ ಅಲ್ರಿ” ಎಂದಳು. “ಇದು ಲಚಮವ್ವ. ಗಿಣಿಗೇರಿ ಲಚಮವ್ವ.”

ಲಚಮವ್ವ ತೀರಿಹೋಗಿ ಮೂರು ವರ್ಷವಾಗಿತ್ತು. ಗೌಡರ ಪೆನ್ನು ಕಾಗದದ ಮೇಲೆಯೇ ನಿಂತಿತ್ತು. ನಾನು ಆಕೆಯ ಕಿವಿಯ ಹತ್ತಿರ ಬಗ್ಗಿ, “ದ್ಯಾಮಕ್ಕ, ಸುಮ್ನ ಹೂಂ ಅನ್ರಿ. ಸಹಿ ಆಗ್ಲಿ” ಎಂದೆ.

ಆಕೆ ದನಿ ತಗ್ಗಿಸಲಿಲ್ಲ. “ಆಕಿ ಹಾಡಿದ್ದನ್ನ ನಾ ಹಾಡೀನಿ ಅನ್ಲೇನ್ರಿ? ಸತ್ತಾಕಿ ಬಂದು ಕೇಳೂದಿಲ್ಲ ಅಂತನ? ಕಾಗದ ಹರೀರಿ.”

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅಂಗಡಿಗೆ ಬೀಗ ಹಾಕಿ, ಈ ಗೌಡರ ಕಾಲು ಹಿಡಿದು, ಕಾಗದ ಟೈಪು ಮಾಡಿಸಿ ತಂದರೆ, ಈ ಹೆಣ್ಣುಮಗಳು ತನ್ನ ಅನ್ನಕ್ಕೆ ತಾನೇ ಕಲ್ಲು ಹಾಕಿಕೊಳ್ಳುತ್ತಾಳಲ್ಲ! ಗೌಡರು ಪೆನ್ನಿನ ಟೊಪ್ಪಿಗೆ ಮುಚ್ಚಿ ನನ್ನನ್ನು ನೋಡಿದರು. ಆ ನೋಟಕ್ಕೆ ನಾನು ತಲೆ ತಗ್ಗಿಸಿದೆ.

“ಮತ್ತ ನಿಂದು ಯಾವುದವಾ?” ಎಂದು ಗೌಡರು ಕೇಳಿದರು.

“ಹಿಂದಿನ ಮಗ್ಗಲದಾಗ, ಎರಡನೇದ್ದು.”

ಸರ್ವರಿನಲ್ಲಿ ಆ ಹಾಡು ಹಚ್ಚಿದರೆ ಐದೂ ದನಿ ಒಟ್ಟಿಗೇ ಏಳುತ್ತವೆ. ಮುಂದಾಗಿ ಎತ್ತುವವಳು ದ್ಯಾಮವ್ವ ಎಂದು ಯಾರು ಹೇಳಬೇಕು? ಮಾಸ್ಟರ್ ಟೇಪನ್ನು ಕಪಾಟಿನಿಂದ ತೆಗೆಸಿ, ಕ್ಯಾಸೆಟ್ ಡೆಕ್ಕಿನ ಹೆಡ್ ಒರೆಸಿ ಹಾಕಿದೆ. ಹೆಡ್ ಎಂದರೆ ಟೇಪಿನಿಂದ ದನಿ ಓದುವ ಭಾಗ. ಮೊದಲು ಸುಯ್ಯೆಂಬ ಟೇಪಿನ ಸದ್ದು, ಯಾರದೋ ಬಳೆ, ಒಂದು ಕೆಮ್ಮು. ಆಮೇಲೆ ಹನುಮಂತಪ್ಪನವರ ಗಡಸು ದನಿ ಗೌಡರ ಕೋಣೆ ತುಂಬಿತು.

“ದ್ಯಾಮವ್ವಾ, ಈ ಪದಾ ನೀ ಹಿಡಿ. ಭಾಗ್ಯನಗರದಾಕಿ ದನಿ ಎಲ್ಲಾರೂ ಕೇಳ್ಲಿ.”

ದ್ಯಾಮವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಗೆದ್ದೆ ಎಂದು ಗೌಡರ ಕಡೆ ತಿರುಗುವಷ್ಟರಲ್ಲಿ ಟೇಪಿನಲ್ಲಿ ಇನ್ನೊಂದು ದನಿ ಬಂತು. ಎಳೆಯ, ಸಿಡಿಮಿಡಿ ದನಿ.

“ಹೆಸರು ಹೇಳಬ್ಯಾಡ್ರಿ ಅಂತ ಎಷ್ಟ ಸಲ ಹೇಳ್ಲಿ ಹನುಮಂತಪ್ಪನವರ? ಕತ್ತರಸೂ ಕೆಲಸ ನಂದು. ಇವರ ಹೆಸರು ಯಾರಿಗೆ ಬೇಕಾಗೇತಿ? ಹೂಂ, ಶುರು ಮಾಡ್ರಿ.”

ಹಾಡು ಶುರುವಾಯಿತು. ಗೌಡರು ಹುಬ್ಬು ಗಂಟಿಕ್ಕಿ, “ಯಾರೋ ಅಂವ ಸಿಡುಕ?” ಎಂದರು.

“ನಾನ ರೀ ಗೌಡ್ರ” ಎಂದೆ.

ಆ ಟೇಪು ಮಾಡುವಾಗ ನಾನು ಹಾಡುವವರಿದ್ದ ಕೋಣೆಯ ಮೂಲೆಯಲ್ಲೇ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಿದ್ದೆ. ನನ್ನ ದನಿಯೂ ಮೈಕಿಗೆ ಬೀಳುತ್ತಿತ್ತು. ಅಷ್ಟು ಬೆಲೆಯ ಯಂತ್ರದಲ್ಲಿ ಒಂದಕ್ಷರವೂ ಬಿಡದೆ ಸ್ಪಷ್ಟವಾಗಿ ಕೇಳಿತು. ನಾಚಿಕೆಯಿಂದ ನಾನು ಡೆಕ್ಕಿನ ಕಡೆಗೆ ಮುಖ ತಿರುಗಿಸಿದೆ. ದ್ಯಾಮವ್ವ ಮಾತ್ರ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. “ಆವಾಗಿಂದ್ಲೂ ಹಿಂಗ ಅದಾರ್ರೀ ಇವರು. ನಾವೆಲ್ಲಾ ಅಂಜಿ ಸಾಯ್ತಿದ್ವಿ” ಎಂದು ಗೌಡರಿಗೆ ಹೇಳಿದಳು.

ಹಳೆಯ ಪತ್ರ ಹರಿದು ಹೊಸದು ಬರೆದೆವು, ಈ ಸಲ ಹಿಂದಿನ ಮಗ್ಗುಲಿನ ಎರಡನೆಯ ಹಾಡಿನ ಮೇಲೆ. ಹನುಮಂತಪ್ಪನವರ ಕೂಗು, ನನ್ನ ಸಿಡುಕು, ಹಾಡು, ಏನನ್ನೂ ಕತ್ತರಿಸದೆ ಸಿ.ಡಿ. ಮಾಡಿ ಅರ್ಜಿಗೆ ಲಗತ್ತಿಸಿದೆ. ನನ್ನ ಆ ಮಾತನ್ನು ಕಚೇರಿಯವರು ಕೇಳುತ್ತಾರಲ್ಲ ಎಂದು ಕೈ ಹಿಂಜರಿಯಿತು. ಆದರೂ ಮುಟ್ಟಲಿಲ್ಲ. ಏಳೆಂಟು ತಿಂಗಳಾದ ಮೇಲೆ ಮಾಸಾಶನ ಮಂಜೂರಾದ ಆದೇಶ ಬಂತು. ದ್ಯಾಮವ್ವ ಅದನ್ನು ತಂದು ನನ್ನಿಂದ ಓದಿಸಿದಳು. ತನ್ನ ಹೆಸರು ಬಂದ ಕಡೆ ನಿಲ್ಲಿಸಿ, “ಇನ್ನೊಮ್ಮೆ ಓದ್ರಿ” ಎಂದಳು. ಓದಿದೆ.

ಗೌಡರು ಮಾತ್ರ ನನ್ನನ್ನು ಬಿಡಲಿಲ್ಲ. 312 ಟೇಪನ್ನೂ ಮತ್ತೆ ಮೊದಲಿನಿಂದ, ಕೆಮ್ಮು ಸಹಿತ ತುಂಬಬೇಕು ಎಂದರು. ಆ ಒಂದು ಸಲ ನಾನು ಎದುರು ಮಾತಾಡಲಿಲ್ಲ. ಪ್ರತಿ ಟೇಪನ್ನೂ ಕೂತು ಕೇಳಿದೆ, ಕೂಗಿದ ಹೆಸರುಗಳನ್ನು ಬರೆದುಕೊಂಡೆ, ಹಾಡಿದವರ ಊರುಗಳಿಗೆ ಹೋಗಿ ವಿಚಾರಿಸಿದೆ. ಈಗ ಆ ಸೋಬಾನ ಟೇಪಿನ ಮೊದಲ ಹಾಡಿನ ಮುಂದೆ ಲಚಮವ್ವನ ಹೆಸರಿದೆ. ಉಳಿದ ಹಾಡುಗಳಿಗೂ ಅವರವರ ಹೆಸರಿದೆ. ಯಂತ್ರಗಳನ್ನು ಎಷ್ಟು ಬೇಕಾದರೂ ಅಪ್‌ಗ್ರೇಡ್ ಮಾಡಬಹುದು. ಮೈಕಿನ ಈ ಕಡೆ ಕೂತವನಿಗೆ ಸೊಕ್ಕಿದ್ದರೆ ಅದರಿಂದ ಏನೂ ಸುಧಾರಿಸುವುದಿಲ್ಲ. ನನ್ನ ಕಸುಬು ನನಗೆ ಕಲಿಸಿದ್ದು ಇಷ್ಟು. ಈಗಲೂ ಆಗೀಗ ಅಂಗಡಿಯಲ್ಲೇ ರೆಕಾರ್ಡಿಂಗ್ ಮಾಡುತ್ತೇನೆ; ಯಾರೇ ಬರಲಿ, ಮೊದಲು ಹೆಸರು, ಊರು ಮೈಕಿನಲ್ಲೇ ಹೇಳಿಸಿ ಆಮೇಲೆ ಹಾಡಿಸುತ್ತೇನೆ.

ಆದರೆ ಆ ಐವರಲ್ಲಿ ಒಬ್ಬಳ ಹೆಸರು ಇವತ್ತಿಗೂ ಸಿಕ್ಕಿಲ್ಲ. ಆಕೆ ಒಂಟಿಯಾಗಿ ಯಾವ ಪದವನ್ನೂ ಎತ್ತಲಿಲ್ಲ, ಹಾಗಾಗಿ ಹನುಮಂತಪ್ಪನವರು ಕೂಗಲಿಲ್ಲ. ದ್ಯಾಮವ್ವನಿಗೂ ನೆನಪಿಲ್ಲ, “ಯಲಬುರ್ಗಿ ಕಡೆ ಸೊಸಿ, ಭಾಳ ಸಣ್ಣಾಕಿ, ಮೂಗುಬಟ್ಟು ಇತ್ತು” ಎನ್ನುತ್ತಾಳೆ. ಕಾರ್ಡು ಬರೆಯುವ ದಿನ ಆ ಹೆಸರನ್ನು ನನ್ನ ಕಿವಿಯಾರೆ ಕೇಳಿದವನು ನಾನು. ಎಷ್ಟು ತಲೆ ಕೆರೆದುಕೊಂಡರೂ ಬರುವುದಿಲ್ಲ. ಯಲಬುರ್ಗಾ ಕಡೆಯವರು ಯಾರಾದರೂ ಇದನ್ನು ಓದಿದರೆ, ನಿಮ್ಮ ಮನೆಯ ಹೆಣ್ಣುಮಕ್ಕಳನ್ನು ಒಂದು ಮಾತು ಕೇಳಿ: 1999ರಲ್ಲಿ ಗಂಗಾವತಿಗೆ ಹೋಗಿ ಸೋಬಾನ ಪದ ಹಾಡಿದ್ದಿರೇನು ಎಂದು. ಹೌದೆಂದರೆ ಆಕೆಯ ಹೆಸರು ತಿಳಿಸಿ. ಟೇಪಿನ ಚೀಟಿಯಲ್ಲಿ ನಾಲ್ಕು ಹೆಸರು ಬರೆದು, ಐದನೆಯದಕ್ಕೆ ಜಾಗ ಬಿಟ್ಟುಕೊಂಡು ಕೂತಿದ್ದೇನೆ.