ಕಲ್ಲಿನ ಲೆಕ್ಕದಲ್ಲಿ ಎತ್ತಿದ ವ್ಯಾನು

ಹೊರಟ ಐದೇ ನಿಮಿಷಕ್ಕೆ ಅಮ್ಮ ಕೂಗಿಕೊಂಡರು. ಗುಂಡಿಗಿಳಿದ ವ್ಯಾನಿನ ಹಿಂಭಾಗ ಧಡಾರನೆ ಆಕ್ಸಲಿಗೆ ಬಡಿದಿತ್ತು. ಸೊಂಟದ ಮೂಳೆ ಮುರಿದು ಮೂರು ತಿಂಗಳು ಮಲಗಿದ್ದವರು ಅವರು. ನಾನು ಅವರನ್ನು ಮನೆಗೆ ಬಿಟ್ಟು ಗಾಡಿಯನ್ನು ಮೂಡುಬಿದಿರೆಯ ಗ್ಯಾರೇಜಿಗೆ ತಿರುಗಿಸಿದೆ.

ನನ್ನ ವ್ಯಾನಿನ ಬಗ್ಗೆ ಹೇಳಬೇಕು. ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದು. ಊರೂರು ಸುತ್ತಿ ಫೋಟೋ ತೆಗೆಯುವ ನನಗೆ ಅದೇ ಸ್ಟುಡಿಯೋ, ಅದೇ ಮನೆ. ಒಳಗೆ ಮಂಚ, ಸ್ಟವ್, ಒಂದು ಕೊಡಪಾನ. (ಹೆಂಡತಿ ಅದನ್ನು ಸವತಿ ಎನ್ನುತ್ತಾಳೆ.) ಬಸ್ಸಿನಲ್ಲಿ ಕೂರಲಾಗದ ಅಮ್ಮನನ್ನು ಮಲಗಿಸಿಕೊಂಡು ವೇಣೂರಿಗೆ ಕರೆದೊಯ್ಯಲು ಬೇರೆ ದಾರಿ ಇರಲಿಲ್ಲ.

ವೇಣೂರಿನಲ್ಲಿ ದೊಡ್ಡಮ್ಮ ಇದ್ದಾರೆ. ಅಕ್ಕತಂಗಿ ಮಾತು ಬಿಟ್ಟು ಹನ್ನೆರಡು ವರ್ಷ. ಕಾರಣ? ತವರಿನ ಕಡೆಯುವ ಕಲ್ಲು, ಅಂದರೆ ದೋಸೆಹಿಟ್ಟು ರುಬ್ಬುವ ಒರಳು. ಪಾಲಿನಲ್ಲಿ ಕಲ್ಲು ಅಮ್ಮನಿಗೆ ಬಂತು. ದೊಡ್ಡಮ್ಮ ಸಿಟ್ಟಿನಿಂದ ಅದರ ಗುಂಡನ್ನು ಹೊತ್ತುಕೊಂಡು ಹೋದರು. (ಅಂದಿನಿಂದ ಕಲ್ಲೂ ದಂಡ, ಗುಂಡೂ ದಂಡ.) ಈಗ ಹಾಸಿಗೆ ಹಿಡಿದ ಅಮ್ಮನಿಗೆ ಕಲ್ಲನ್ನು ಅಕ್ಕನ ಕೈಗೊಪ್ಪಿಸಿ ರಾಜಿಯಾಗಬೇಕೆಂಬ ಹಟ. ನಾನೂ ಪಕ್ಕದ ಮನೆಯವನೂ ಏದುಸಿರು ಬಿಡುತ್ತಾ ಅದನ್ನು ಮಂಚದ ಪಕ್ಕದಲ್ಲಿಟ್ಟು ಗೋಣಿ ಹೊದಿಸಿದ್ದೆವು.

ಮೆಕ್ಯಾನಿಕ್ ಹಸನಬ್ಬ ಕೆಳಗೆ ನುಸುಳಿ ನೋಡಿ, ಹಿಂದಿನ ಸ್ಪ್ರಿಂಗ್ ಪಟ್ಟಿಗಳೆಲ್ಲ ಚಪ್ಪಟೆಯಾಗಿವೆ ಎಂದರು. ಕಲ್ಲು ಇಳಿಸಲೇ ಎಂದು ಕೇಳಿದೆ. ಬೇಡ, ಹೊರುವ ಭಾರ ಇಟ್ಟೇ ಅಳತೆ ಹಿಡಿಯಬೇಕು ಎಂದರು. ಎರಡು ದಿನದಲ್ಲಿ ಯಾವುದೋ ಹಳೆ ಲಾರಿಯ ಪಟ್ಟಿಗಳನ್ನು ಸೇರಿಸಿ ಹಿಂಭಾಗವನ್ನು ನಾಲ್ಕು ಬೆರಳು ಎತ್ತಿದರು. ಗಾಡಿ ಸಮನಾಗಿ ನಿಂತಿತು.

“ಕಲ್ಲಿನ ಲೆಕ್ಕದಲ್ಲಿ ಎತ್ತಿದ್ದೇನೆ ಮಾರಾಯ್ರೇ, ನೆನಪಿರಲಿ,” ಎಂದರು.

ನೆನಪಿತ್ತು. ಆದರೆ ನನ್ನ ಅತಿಬುದ್ಧಿ ಕೇಳಬೇಕಲ್ಲ? ಭಾರ ಕಡಿಮೆಯಾದಷ್ಟೂ ಅಮ್ಮನಿಗೆ ಸುಖ ತಾನೇ? ದೊಡ್ಡಮ್ಮನಿಗೆ ಬೇಕಾದದ್ದು ತಂಗಿಯೋ, ಕಲ್ಲೋ? ಹೊರಡುವ ದಿನ ಬೆಳಿಗ್ಗೆ ಪಕ್ಕದ ಮನೆಯವನನ್ನು ಕರೆದು ಗುಟ್ಟಾಗಿ ಕಲ್ಲನ್ನು ಮನೆಯಲ್ಲೇ ಇಳಿಸಿದೆ. ಆ ಜಾಗದಲ್ಲಿ ಹಾಸಿಗೆ ಸುತ್ತಿಟ್ಟು ಅದೇ ಗೋಣಿ ಹೊದಿಸಿದೆ.

ಅಮ್ಮನನ್ನು ಮಲಗಿಸಿ ಹೊರಟದ್ದೇ, ಭಾರವಿಲ್ಲದ ಬಿಗಿ ಸ್ಪ್ರಿಂಗಿನ ಮೇಲೆ ವ್ಯಾನು ಒದೆಯತೊಡಗಿತು. ಸಣ್ಣ ಗುಂಡಿಗೂ ಮಂಚ ಎಗರಿತು. ಅಮ್ಮ ಆಧಾರಕ್ಕೆಂದು ಕಲ್ಲಿನತ್ತ ಕೈ ಚಾಚಿದರು. ಕೈ ಹಾಸಿಗೆಯೊಳಗೆ ಹೂತುಹೋಯಿತು.

“ಕಲ್ಲು ಎಲ್ಲಿ ಉಂಟು?”

ಒಪ್ಪಿಕೊಂಡೆ. ಅಮ್ಮ ಬಯ್ಯಲಿಲ್ಲ. “ಬರಿಗೈಯಲ್ಲಿ ಅಕ್ಕನ ಮುಖ ನೋಡ್ಲಿಕ್ಕೆ ನನ್ನಿಂದ ಆಗುವುದಿಲ್ಲ ಮಗಾ,” ಎಂದರಷ್ಟೆ. ಬೈದಿದ್ದರೇ ವಾಸಿಯಿತ್ತು. ನಾಚಿಕೆಯಿಂದ ಗಾಡಿಯನ್ನು ಮನೆಗೆ ತಿರುಗಿಸಿದೆ.

ಕಲ್ಲು ಏರಿದ ಮೇಲೂ ಅದೇ ರಸ್ತೆ, ಅವೇ ಗುಂಡಿಗಳು. ಆದರೆ ವ್ಯಾನು ಅವುಗಳ ಮೇಲೆ ಮೆಲ್ಲಗೆ ತೂಗಿಕೊಂಡು ಹೋಯಿತು. ವೇಣೂರು ಮುಟ್ಟುವಾಗ ಹಿಂದಿನಿಂದ ಅಮ್ಮನ ಗೊರಕೆ ಕೇಳಿಸುತ್ತಿತ್ತು. ಅಷ್ಟು ಹಿತವಾದ ಸದ್ದನ್ನು ನಾನು ಮೂರು ತಿಂಗಳಿಂದ ಕೇಳಿರಲಿಲ್ಲ. ಅಬ್ಬಾ ಎಂದು ಉಸಿರು ಬಿಟ್ಟೆ.

ದೊಡ್ಡಮ್ಮ ಕಲ್ಲನ್ನು ಇಳಿಸಿಕೊಂಡರು. ಒಳಗಿನಿಂದ ಗುಂಡನ್ನು ತರಿಸಿ ಅದರಲ್ಲಿ ಕೂರಿಸಿದರು. ಇಬ್ಬರೂ ಅತ್ತರು. ನನಗೋ ಬೇರೆಯೇ ಚಿಂತೆ. ವಾಪಸಾಗುವಾಗ ಕಲ್ಲಿಲ್ಲದ ವ್ಯಾನು ಮತ್ತೆ ಒದೆಯುವುದಿಲ್ಲವೇ? ಭಾರಕ್ಕೆ ಹುಲ್ಲು ಸುತ್ತಿ ಕಟ್ಟಿದ ಒಂದೆರಡು ಅಕ್ಕಿ ಮುಡಿ ಸಿಗಬಹುದೇ ಎಂದು ಕೇಳಿದೆ.

“ಮುಡಿ ಎಂಥಕ್ಕೆ? ಇವಳ ಸೊಂಟ ಸರಿಯಾಗುವವರೆಗೆ ನಾನೇ ಬಂದು ನಿಲ್ತೇನೆ,” ಎಂದ ದೊಡ್ಡಮ್ಮ, ನಾಲ್ಕು ಸೀರೆ ಗಂಟು ಕಟ್ಟಿಕೊಂಡು ವ್ಯಾನು ಹತ್ತಿದರು. ಹತ್ತಿದವರು ಕಲ್ಲಿದ್ದ ಜಾಗದಲ್ಲೇ ಕೂತರು.

ಗಾಡಿ ಸಮನಾಗಿ ನಿಂತಿತು. ಭಾರ ಇಳಿಸಿದರೆ ದಾರಿ ಸುಗಮ ಎಂದು ನನಗೆ ಹೇಳಿಕೊಟ್ಟವರಾದರೂ ಯಾರು?